ದಿಲ್ಲಿಯಲ್ಲಿ ನಡೆಯದ ಮಾತುಕತೆ

ನಾಗಮ್ಮನಿಗೆ ನಾನು ಸುಳ್ಳು ಹೇಳಿದೆ. ಒಂದಲ್ಲ, ಎರಡು — ಮೊದಲನೆಯದು ಆಕೆಯ ಮಗನನ್ನು ಉಳಿಸಬಹುದಾಗಿದ್ದ ದಾರಿಯನ್ನೇ ಮುಚ್ಚಿತು, ಎರಡನೆಯದು ಇನ್ನೂ ಮುಗಿದಿಲ್ಲ. ಆಕೆಗೆ ಓದು ಬರುವುದಿಲ್ಲ. ಅದಕ್ಕೇ ನನಗೆ ಬರೆಯುವುದು ಇಷ್ಟು ಸಲೀಸಾಗಿದೆ, ನೋಡಿ — ಇದೂ ಹೇಡಿತನವೇ.

ಶಹಾಬಾದಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಯಾವ ದೇಶ ಯಾರ ಪರ, ನಾವು ಯಾರಿಂದ ತೈಲ ಕೊಳ್ಳಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು — ಚಹಾದಂಗಡಿಯಲ್ಲಿ ಕುಳಿತರೆ ನನ್ನದೇ ಭಾಷಣ. ನಾಗಮ್ಮ ಕಾಗಿಣಾ ಹೊಳೆಯ ಮೀನು ಮಾರುವಾಕೆ. ಆಕೆಯ ಒಬ್ಬನೇ ಮಗ ಅಂಬರಾಯ ನನ್ನ ವಿದ್ಯಾರ್ಥಿಯಾಗಿದ್ದ. ಏಜೆಂಟನೊಬ್ಬ ಸೆಕ್ಯುರಿಟಿ ಕೆಲಸವೆಂದು ನಂಬಿಸಿ ಅವನನ್ನೂ ಕಾಳಗಿಯ ಇಬ್ಬರು ಹುಡುಗರನ್ನೂ ಯುದ್ಧದಲ್ಲಿರುವ ದೊಡ್ಡ ದೇಶವೊಂದಕ್ಕೆ ಕಳಿಸಿದ. ಅಲ್ಲಿ ಅವರ ಕೈಗೆ ಬಂದೂಕು ಕೊಟ್ಟರು. "ಯವ್ವಾ, ನಮ್ಮನ್ನ ಲಡಾಯಿಗೆ ಒಯ್ಲಿಕತ್ತಾರ, ಯಾರಿಗರೆ ಹೇಳು" ಎಂದು ಅವನು ಫೋನಿನಲ್ಲಿ ಅತ್ತನಂತೆ.

ಕಾಳಗಿಯ ಮನೆಯವರು ಕಲಬುರಗಿಯ ಡಿಸಿ ಆಫೀಸಿನ ಮುಂದೆ ಧರಣಿ ಕೂರಲು, ಟಿವಿಯವರನ್ನು ಕರೆಸಲು ಹೊರಟರು. ನಾಗಮ್ಮನನ್ನೂ ಕರೆದರು. ಆಕೆ ನೇರ ನನ್ನ ಮನೆಗೆ ಬಂದಳು.

"ಸರ, ನೀವು ಭಾಳ ತಿಳದವರು. ಹೋಗ್ಲೇನ್ರಿ?"

ಬೇಡವೆಂದೆ. ಆ ದೇಶದ ಸ್ನೇಹ ನಮಗೆ ಬೇಕು, ಬೀದಿಯಲ್ಲಿ ಕೂಗಾಡಿದರೆ ಸಂಬಂಧ ಕೆಡುತ್ತದೆ, ಒಬ್ಬ ಹುಡುಗನಿಗಾಗಿ — ಛೇ, ಹೀಗೇ ಯೋಚಿಸಿದ್ದೆ. ಒಬ್ಬ ಹುಡುಗ! ಬೇಡವೆಂದಷ್ಟಕ್ಕೇ ನಾಲಗೆ ನಿಲ್ಲಲಿಲ್ಲ. ಆಕೆಯ ಮುಂದೆ ದೊಡ್ಡ ಮನುಷ್ಯನಾಗುವ ಚಪಲ. "ದಿಲ್ಲ್ಯಾಗ ಒಳಗಿಂದೊಳಗ ಮಾತುಕತಿ ನಡದದ, ನಾಗಮ್ಮ. ನನಗ ಗೊತ್ತದ. ನೀ ಸುಮ್ನಿರು."

ನನಗೆ ಏನೂ ಗೊತ್ತಿರಲಿಲ್ಲ. ದಿಲ್ಲಿಯಲ್ಲಿ ಒಂದು ನರಪಿಳ್ಳೆಯೂ ನನಗೆ ಪರಿಚಯವಿಲ್ಲ. ಸರ್ಕಾರವನ್ನು ಪ್ರಶ್ನಿಸುವುದೇ ಪ್ರಜಾಪ್ರಭುತ್ವ ಎಂದು ಪಾಠ ಹೇಳಿ ಹೊಟ್ಟೆ ಹೊರೆದವನು, ಜೀವನದಲ್ಲಿ ಮೊದಲ ಸಲ ಪ್ರಶ್ನೆ ಕೇಳಲು ಹೊರಟ ಹೆಂಗಸನ್ನು ಮನೆಯಲ್ಲಿ ಕೂರಿಸಿದೆ. ಆಕೆ ಕಾಳಗಿಯವರಿಗೆ, "ಸರ ಬ್ಯಾಡ ಅಂದಾರ್ರಿ" ಎಂದು ಹೇಳಿ ಕಳಿಸಿಬಿಟ್ಟಳು.

ಅವರು ಕೂಗಿದರು. ಅವರ ಮಕ್ಕಳ ಹೆಸರು ದಿಲ್ಲಿಗೆ ಮುಟ್ಟಿತು. ಹುಡುಗರಿಬ್ಬರೂ ಮನೆಗೆ ಬಂದರು. ಅಂಬರಾಯನ ಹೆಸರನ್ನು ಎತ್ತಿದವರೇ ಇರಲಿಲ್ಲ. ಬಂದವರಲ್ಲಿ ಒಬ್ಬ ನನ್ನನ್ನು ಹುಡುಕಿಕೊಂಡು ಬಂದ. "ದಿಲ್ಲಿಂದ ನಮ್ಮ ಹೆಸರು ಬಂತಂತ ನಮ್ಮನ್ನ ಲಡಾಯಿಗೆ ಕಳಸದೆ ಹಿಂದ ಇಟ್ರು, ಸರ. ಅಂಬರಾಯನ್ನ ಮುಂದ ಒಯ್ದ್ರು. ಹೆಣ ತಂದಾಗ ಕಣ್ಣಾರೆ ನೋಡೀನಿ. ಅವರವ್ವಗ ಹೇಳಾಕ ನನಗ ಧೈರ್ಯ ಇಲ್ಲ. ನೀವೇ ಹೇಳ್ರಿ."

ಹೇಳುತ್ತೇನೆ ಅಂದೆ. ಹೇಳಲಿಲ್ಲ. ಇವತ್ತು, ನಾಳೆ ಅಂತ... ಹೇಳಿದರೆ ಆಕೆ ಕೇಳುತ್ತಿದ್ದಳಲ್ಲ — ಮತ್ತೆ ಆ ಮಾತುಕತೆ ಏನಾಯಿತು ಎಂದು.

ಮೊನ್ನೆ ಆ ದೇಶದ ದೊಡ್ಡವರು ಯಾರೋ ದಿಲ್ಲಿಗೆ ಬಂದಿದ್ದರು. ಟಿವಿಯ ತುಂಬ ಅಪ್ಪುಗೆ, ನಗು. ಅದನ್ನು ನೋಡಿದವಳೇ ನಾಗಮ್ಮ ಮೀನಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಓಡಿ ಬಂದಳು. ಏದುಸಿರು ಬಿಡುತ್ತಿದ್ದಳು.

"ಸರ, ಇವತ್ತರೆ ನನ್ನ ಮಗನ ಮಾತು ತೆಗದಾರೇನ್ರಿ?"

"ತೆಗದಿರ್ತಾರ," ಎಂದೆ.

ಆಕೆ ಕೈ ಮುಗಿದಳು. ನನಗೆ! ಥೂ, ಆಗಲಾದರೂ ಬಾಯಿ ಬಿಡಲಿಲ್ಲವಲ್ಲ ನಾನು.

ನಾಳೆ ಆಕೆಯ ಮನೆಗೆ ಹೋಗುತ್ತೇನೆ. ಮಗ ಸತ್ತಿದ್ದಾನೆ ಎಂದು ಮೊದಲು ಹೇಳಬೇಕು, ಮಾತುಕತೆ ನಡೆದೇ ಇರಲಿಲ್ಲ ಎಂದು ಆಮೇಲೆ. ಕ್ಷಮೆ ಮಾತ್ರ ಕೇಳುವುದಿಲ್ಲ. ಸರ ಕೇಳಿದರೆಂದು ಆಕೆ ಅದನ್ನೂ ಕೊಟ್ಟುಬಿಡುತ್ತಾಳೆ.