ನಾಲ್ಕನೇ ಪೆಟ್ಟಿಗೆಯ ಶನಿವಾರದ ಹಾಳೆ

ದೆವ್ವ ಕಂಡವರ, ಕನಸಿನಲ್ಲಿ ದೇವರು ಬಂದು ಹೇಳಿದವರ ಕಥೆ ಕೇಳಿದಾಗಲೆಲ್ಲ ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡವಳು. ದಾವಣಗೆರೆಯ ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸಿದ ಸಿಸ್ಟರ್ ಒಬ್ಬರು, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು, ಅನ್ನಿಸಿದ್ದನ್ನಲ್ಲ ಎಂದು ಮೂರು ವರ್ಷ ಬಿಡದೆ ಹೇಳಿಕೊಟ್ಟಿದ್ದರು. ಈಗಲೂ ಅಂಥ ಕಥೆಗಳನ್ನು ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ನಾವಿದ್ದದ್ದು ಡೆಟ್ರಾಯಿಟ್ ಹೊರವಲಯದ ಒಂದು ಬಡಾವಣೆಯಲ್ಲಿ. ಮನೆಯಿಂದ ಎರಡು ಮೈಲಿ ದೂರದಲ್ಲಿ, ಮರಗಳ ನಡುವೆ ಒಂದು ಸಣ್ಣ ಹೊಳೆ. ಬ್ರೂಕ್ ಟ್ರೌಟ್ ಎಂಬ, ಈ ನೆಲದ್ದೇ ಆದ ಮೀನು ಅದರಲ್ಲಿ ಇನ್ನೂ ಉಳಿದಿದೆ ಎಂದು ನಂಬಿದ ಹತ್ತು ಹನ್ನೆರಡು ಜನ ಸೇರಿ ಹೊಳೆಯನ್ನು ಕಾಯುತ್ತಿದ್ದೆವು. ಟ್ರೌಟ್‌ಗೆ ತಣ್ಣನೆಯ ನೀರೇ ಬೇಕು. ಅಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಪ್ಪತ್ತು ಡಿಗ್ರಿ ದಾಟಿದರೆ ಒದ್ದಾಡುತ್ತದೆ. ದಂಡೆಯುದ್ದಕ್ಕೂ ನೆರಳಿಗೆಂದು ಗಿಡ ನೆಡುವುದು, ಕಸ ಎತ್ತುವುದು, ದಿನಾ ಬೆಳಿಗ್ಗೆ ನೀರಿನ ಬಿಸಿ ಅಳೆದು ಬರೆಯುವುದು, ಇವೇ ನಮ್ಮ ಕೆಲಸ. ಐದು ಕಡೆ ಕಂಬಕ್ಕೆ ಪ್ಲಾಸ್ಟಿಕ್ ಪೆಟ್ಟಿಗೆ ಬಿಗಿದಿದ್ದೆವು. ಒಳಗೆ ಹಾಳೆಗಳು, ದಾರಕ್ಕೆ ಕಟ್ಟಿದ ಪೆನ್ಸಿಲ್. ನಾಲ್ಕನೆಯದು ನನ್ನದು. ಮಗಳು ಏಳುವ ಮೊದಲೇ ಹೋಗಿ, ಉದ್ದನೆಯ ರಬ್ಬರ್ ಬೂಟು ಹಾಕಿಕೊಂಡು ನೀರಿಗಿಳಿದು, ಥರ್ಮಾಮೀಟರ್ ನೋಡಿ ಬರೆದು ಬರುತ್ತಿದ್ದೆ.

ಶನಿವಾರಕ್ಕೊಂದು ಹೊಸ ಹಾಳೆ. ಬರೆಯುವ ಮೊದಲು ಅದರ ತಲೆಯ ಮೂಲೆಯಲ್ಲಿ ಸಣ್ಣದಾಗಿ ‘ಶ್ರೀ’ ಬರೆಯುತ್ತಿದ್ದೆ. ನಮ್ಮಪ್ಪ ಕಿರಾಣಿ ಚೀಟಿಯ ಮೇಲೂ ಬರೆಯುತ್ತಿದ್ದರು. ನನಗೂ ಕೈಗಂಟಿದ ಅಭ್ಯಾಸ. ನಮ್ಮ ಗುಂಪಿನ ಹಿರಿಯ ವಾಲ್ಟರ್, ಕಾರ್ ಕಾರ್ಖಾನೆಯಿಂದ ರಿಟೈರ್ ಆದವರು, ಅದು ಮೀನಿನ ಚಿತ್ರವೆಂದೇ ತಿಳಿದಿದ್ದರು. ಹಾಗಲ್ಲ ಎಂದು ವಿವರಿಸಿದ ಮೇಲೂ, "ಈ ವಾರದ ಮೀನು ಬರೆದಾಯ್ತಾ?" ಎಂದು ಕೀಟಲೆ ಮಾಡುತ್ತಿದ್ದರು.

ಆ ಆಗಸ್ಟಿನಲ್ಲಿ ಮಳೆಯೇ ಇರಲಿಲ್ಲ. ಐದೂ ಕಡೆ ನೀರು ಎಪ್ಪತ್ತೆರಡಕ್ಕೆ ಏರಿತ್ತು. ಒಂದು ಟ್ರೌಟ್ ಕೂಡ ಕಂಡಿರಲಿಲ್ಲ. ಮೇಲುಗಡೆ ಹೊಸ ಅಂಗಡಿಸಾಲು ಬರುವುದಿತ್ತು. ಅದರ ಪಾರ್ಕಿಂಗ್‌ನ ಕಾದ ಟಾರಿನ ಮೇಲೆ ಹರಿದು ಬಿಸಿಯಾಗುವ ಮಳೆನೀರನ್ನೆಲ್ಲ ಈ ಹೊಳೆಗೆ ಬಿಡಬಹುದೇ ಬಿಡಬಾರದೇ ಎಂಬುದು ಒಂದೇ ಮಾತಿನ ಮೇಲೆ ನಿಂತಿತ್ತು: ಇಲ್ಲಿ ಟ್ರೌಟ್ ಇದೆಯೋ ಇಲ್ಲವೋ. ಸೋಮವಾರ ಸರ್ಕಾರದ ಕಡೆಯವರೊಬ್ಬರು ಬಂದು ನೂರು ಗಜದಷ್ಟು ಹೊಳೆಯನ್ನು ಒಂದೇ ಒಂದು ಸಲ ಜಾಲಾಡಿ ನೋಡುವವರಿದ್ದರು. ಯಾವ ನೂರು ಗಜ ಎಂದು ನಾವೇ ತೋರಿಸಬೇಕಿತ್ತು.

ಅದೇ ವಾರ ವರಮಹಾಲಕ್ಷ್ಮಿ ಹಬ್ಬ. ಗುರುವಾರ ಬೆಳಿಗ್ಗೆ ನೀರು ಅಳೆದು ಬಂದು, ಇವರು, ಮಗಳು, ನಾನು ಷಿಕಾಗೋ ಕಡೆಗೆ ಹೊರಟೆವು. ಶುಕ್ರವಾರ ಲೆಮಾಂಟ್ ದೇವಸ್ಥಾನದಲ್ಲಿ ಪೂಜೆ ಮುಗಿಸಿ, ಉಳಿದುಕೊಂಡದ್ದು ಹತ್ತಿರದ ವುಡ್‌ರಿಡ್ಜ್‌ನಲ್ಲಿ, ಕಾನ್ವೆಂಟಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಶಾಹೀನ್ ಮನೆಯಲ್ಲಿ. ರಾತ್ರಿ ಊಟಕ್ಕೆ ಕೂತಾಗ ಅವಳು ಹೊಳೆಯ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕಳು.

"ಅಲ್ಲ ಕಣೇ, ಜನ್ಮದಲ್ಲಿ ಮೀನು ಮುಟ್ಟದವಳು ನೀನು, ಮೀನು ಕಾಯೋಕೆ ನಿಂತಿದೀಯಾ? ನನ್ ಕೈಗೆ ಕೊಡು, ಒಂದು ವಾರದಲ್ಲಿ ಕ್ಲೀನ್ ಮಾಡಿಕೊಡ್ತೀನಿ! ಸರಿ, ನೀನಿಲ್ಲಿ ಒಬ್ಬಟ್ಟು ಹೊಡೀತಿದೀಯಲ್ಲ, ಅಲ್ಲಿ ಯಾರು ನೋಡ್ಕೋತಾರೆ?"

ತಟ್ಟೆ ಬಿಟ್ಟು ಎದ್ದೆ. ಹಬ್ಬದ ಗಡಿಬಿಡಿಯಲ್ಲಿ, ನನ್ನ ಬದಲಿಗೆ ನೋಡಿ ಎಂದು ಯಾರಿಗೂ ಹೇಳಿಯೇ ಇರಲಿಲ್ಲ. ವಾಲ್ಟರ್ ಮನೆಗೆ ಫೋನ್ ಮಾಡಿದರೆ ರಿಂಗೇ ಆಗಲಿಲ್ಲ. ಆ ಸಂಜೆ ಅಲ್ಲಿ ಜೋರು ಗಾಳಿ ಎದ್ದು ಫೋನು, ಕರೆಂಟು ಎಲ್ಲ ಹೋಗಿತ್ತೆಂದು ಆಮೇಲೆ ತಿಳಿಯಿತು. ಹೊಳೆಯದೇ ಚಿಂತೆಯಲ್ಲಿ ಮಲಗಿದೆ.

ಶನಿವಾರ ಬೆಳಗಿನ ಜಾವ ಪಕ್ಕದಲ್ಲಿ ಮಲಗಿದ್ದ ಮಗಳು ಚೀರಿದ್ದರಿಂದ ಎಚ್ಚರವಾಯಿತು. "ಅಮ್ಮಾ! ಯುವರ್ ಫೀಟ್ ಆರ್ ಫ್ರೀಜಿಂಗ್!" ಮುಟ್ಟಿ ನೋಡಿಕೊಂಡೆ. ಮೊಣಕಾಲಿನವರೆಗೆ ಐಸಿನಲ್ಲಿ ಇಟ್ಟು ತೆಗೆದಂತಿತ್ತು. ಶಾಹೀನ್ ಮನೆಯ ಎ.ಸಿ. ಇರಬೇಕೆಂದು ಕಾಲಿಗೆ ರಜಾಯಿ ಸುತ್ತಿಕೊಂಡೆ. ತಲೆದಿಂಬಿನ ಬಳಿಯ ಗಡಿಯಾರದಲ್ಲಿ ಐದು ಗಂಟೆ ಹತ್ತು ನಿಮಿಷ.

ಭಾನುವಾರ ಸಂಜೆ ಮನೆ ಸೇರಿದಾಗ ಮೈಕ್ರೊವೇವ್‌ನ ಗಡಿಯಾರ ಹನ್ನೆರಡು ತೋರಿಸುತ್ತ ಮಿನುಗುತ್ತಿತ್ತು. ಸೋಮವಾರ ಆರೂವರೆಗೇ ಹೊಳೆಗೆ ಹೋದೆ. ನಮ್ಮ ಕಂಬದಿಂದ ಇಪ್ಪತ್ತು ಹೆಜ್ಜೆ ಆಚೆ ಇದ್ದ ದೊಡ್ಡ ವಿಲೋ ಮರ ಬೇರುಸಹಿತ ಬಿದ್ದಿತ್ತು. ಪೆಟ್ಟಿಗೆ ತೆರೆದೆ. ಹಳೆಯ ಹಾಳೆಯಲ್ಲಿ ಶುಕ್ರವಾರದ ಸಾಲು ಖಾಲಿ. ಅದರ ಮೇಲೆ ಶನಿವಾರದ ಹೊಸ ಹಾಳೆ. ಮೂಲೆಯಲ್ಲಿ ‘ಶ್ರೀ’. ಕೆಳಗೆ, ಸಮಯ ಆರು ಹತ್ತು, ನೀರು ಐವತ್ತನಾಲ್ಕು ಡಿಗ್ರಿ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ: ಬಿದ್ದ ವಿಲೋ ಮರದ ಬೇರಿನಡಿ, ಎಡದಂಡೆ, ಮೀನುಗಳಿವೆ.

ಅಕ್ಷರ ನನ್ನದು. ಸಿಸ್ಟರ್‌ಗಳು ತಿದ್ದಿ ತೀಡಿದ, ಬಲಕ್ಕೆ ವಾಲಿದ, ನಾಲ್ಕರ ಅಂಕಿಯ ತಲೆ ಕೂಡದ ಅದೇ ಅಕ್ಷರ.

ಅಷ್ಟರಲ್ಲಿ ವಾಲ್ಟರ್ ಬಂದರು. ಮುಖದಲ್ಲಿ ಸಂಭ್ರಮ. ಶನಿವಾರ ಸಂಜೆಯೇ ಹಾಳೆ ನೋಡಿ, ಸರ್ಕಾರದವರಿಗೆ ಈ ಜಾಗವನ್ನೇ ಗೊತ್ತುಮಾಡಿದ್ದರು. ನೀವು ಬರೆದ ಮೇಲೆ ನಾನೇನು ಅಳೆದು ನೋಡುವುದು, ಎಂದರು.

ಸುಮ್ಮನಿದ್ದುಬಿಡಬಹುದಿತ್ತು. ನಾನು ಬರೆದದ್ದಲ್ಲ ಎಂದರೆ ಇಡೀ ಬೇಸಿಗೆಯ ನಮ್ಮ ಲೆಕ್ಕವೇ ಅನುಮಾನಕ್ಕೆ ಬೀಳಬಹುದು. ಇರುವ ಒಂದೇ ಅವಕಾಶವೂ ಹೋಗಬಹುದು. ಆದರೂ ಹೇಳಿಬಿಟ್ಟೆ. ನಾನು ಊರಲ್ಲೇ ಇರಲಿಲ್ಲ, ಮುನ್ನೂರು ಮೈಲಿ ಆಚೆ ಇದ್ದೆ ಎಂದೆ.

ವಾಲ್ಟರ್ ಹಾಳೆಯ ಮೂಲೆಗೆ ಬೆರಳಿಟ್ಟು, "ಮತ್ತೆ ನಿಮ್ಮ ಮೀನು?" ಎಂದರು. ಹಾಳೆಯನ್ನು ಪೆಟ್ಟಿಗೆಗಿಟ್ಟು, "ನಡೀರಿ, ನೀರನ್ನೇ ಕೇಳೋಣ" ಎಂದು ಥರ್ಮಾಮೀಟರ್ ಕೈಗಿಟ್ಟರು.

ಮರದ ಬೇರು ಕಿತ್ತೆದ್ದ ಕಡೆ, ಎಡದಂಡೆಯಲ್ಲಿ, ಮಣ್ಣಿನೊಳಗಿಂದ ಒಂದು ಒರತೆ ಸದ್ದಿಲ್ಲದೆ ಉಕ್ಕುತ್ತಿತ್ತು. ಐವತ್ತನಾಲ್ಕು. ಬೂಟಿನೊಳಗಿದ್ದರೂ ಕಾಲು ಮೊಣಕಾಲಿನವರೆಗೆ ಕೊರೆಯಿತು. ಆ ಚಳಿ ನನಗೆ ಹೊಸದಾಗಿರಲಿಲ್ಲ. ಷಿಕಾಗೋ ಗಡಿಯಾರ ನಮ್ಮೂರಿಗಿಂತ ಒಂದು ಗಂಟೆ ಹಿಂದೆ, ಅಲ್ಲಿನ ಐದು ಹತ್ತು ಇಲ್ಲಿ ಆರು ಹತ್ತು ಎನ್ನುವುದು ಆಗ ನೆನಪಾಗಿ, ವಾಲ್ಟರ್ ಅವರ ತೋಳು ಹಿಡಿದುಕೊಂಡೆ.

ಒಂಬತ್ತಕ್ಕೆ ಬಂದವರು ಬೇರಿನಡಿಯಿಂದ ಹನ್ನೊಂದು ಟ್ರೌಟ್ ಎತ್ತಿ, ಅಳೆದು, ಬಿಟ್ಟರು. ಅದರಲ್ಲಿ ಐದು, ಬೆರಳುದ್ದದ ಮರಿಗಳು. ರೆಕ್ಕೆಗಳಿಗೆ ಬಿಳಿಯ ಅಂಚು, ಮೈಮೇಲೆ ಕುಂಕುಮದ ಚುಕ್ಕೆ. ಮರಿಗಳಿವೆ ಎಂದರೆ ಇಲ್ಲೇ ಹುಟ್ಟಿ ಬೆಳೆಯುತ್ತಿವೆ ಎಂದರು. ಪಾರ್ಕಿಂಗ್‌ನ ನೀರು ನಮ್ಮ ಹೊಳೆಗೆ ಬರಲಿಲ್ಲ. ಆ ಮೀನಿನ ಸಂತಾನ ಇವತ್ತಿಗೂ ಅಲ್ಲಿದೆ.

ನಮ್ಮ ಮನೆಯವರು ಇಂಜಿನಿಯರ್. ಗುರುವಾರವೇ ಬರೆದಿಟ್ಟು ಮರೆತಿರುತ್ತೀಯ ಎಂದರು. ಗುರುವಾರ ಮರ ನಿಂತೇ ಇತ್ತಲ್ಲ ಎಂದೆ. ಆ ಮೇಲೆ ಅವರು ಆ ಮಾತು ಎತ್ತಿಲ್ಲ. ಶಾಹೀನ್‌ಗೆ ಹೇಳಿದಾಗ ಮೊದಲ ಬಾರಿ ಅವಳು ನಗಲಿಲ್ಲ. ಯಾರೋ ತಮಾಷೆಗೆ ನನ್ನ ಕೈಬರಹ ಕಲಿತಿರಬಹುದೇ? ಕಲಿತರೂ ‘ಶ್ರೀ’ಯ ಒತ್ತನ್ನು ನಾನು ಎಳೆಯುವಂತೆಯೇ, ಕೊನೆಯಲ್ಲಿ ಸ್ವಲ್ಪ ಕೊಂಕಿಸಿ, ಆ ಊರಿನಲ್ಲಿ ಎಳೆಯುವವರು ಯಾರು?

ಆ ಹಾಳೆಯ ನಕಲು ನನ್ನ ಅಡುಗೆಮನೆಯ ಡ್ರಾಯರಿನಲ್ಲಿದೆ. ಮೂಲ ಕಡತಕ್ಕೆ ಹೋಗುವ ಮೊದಲು, ಸುಳ್ಳು ಉಳಿಯಬಾರದೆಂದು, ಶನಿವಾರದ ಸಾಲಿನ ಕೆಳಗೆ ಅದೇ ಪೆನ್ಸಿಲಿನಿಂದ ನಾನು ಒಂದು ಸಾಲು ಸೇರಿಸಿದ್ದೆ: ಮೇಲಿನದನ್ನು ಬರೆದವರು ಯಾರೆಂದು ತಿಳಿದಿಲ್ಲ. ಆಗಾಗ ಆ ನಕಲನ್ನು ತೆಗೆದು ಎರಡೂ ಸಾಲುಗಳನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಒಂದೇ ವಾಲು, ಒಂದೇ ಒತ್ತು. ಯಾವುದನ್ನು ನಾನು ಬರೆದೆ ಎಂದು ಕೇಳಿದರೆ, ಕೆಳಗಿನದು ಎನ್ನುತ್ತೇನೆ. ಅಕ್ಷರ ನೋಡಿ ಅದನ್ನು ಹೇಳಲು ಮಾತ್ರ ನನಗೇ ಆಗುವುದಿಲ್ಲ.