ಇಪ್ಪತ್ತೊಂದು ಬೈ ಹದಿಮೂರು

ಅಕ್ಕನ ಬಲಗೈ ಹೆಬ್ಬೆರಳಿನ ಅಂಚು ಜಡ್ಡುಗಟ್ಟಿತ್ತು. ಟೈಪ್‌ರೈಟರಿನಲ್ಲಿ ಪದಗಳ ನಡುವೆ ಜಾಗ ಬಿಡುವ ಉದ್ದನೆಯ ಕೀಲಿಯನ್ನು ಮೂವತ್ತು ವರ್ಷ ಒತ್ತಿದ ಗುರುತು ಅದು. ಕಂಪ್ಯೂಟರ್ ಬಂದ ಮೇಲೂ ಅದೇ ಜೋರಿನಲ್ಲಿ ಒತ್ತುತ್ತಿದ್ದರು. ವರ್ಷಕ್ಕೊಂದು ಕೀಬೋರ್ಡ್ ಅವರ ಕೈಯಲ್ಲಿ ಪ್ರಾಣ ಬಿಡುತ್ತಿತ್ತು.

ತಮಿಳುನಾಡಿನ ಗಡಿಯ ಸೂಳಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಟೈಪಿಂಗ್ ಅಂಗಡಿ. ಸುತ್ತಲ ಹಳ್ಳಿಯವರು ಹೊಲದ ಕಾಗದ ಹಿಡಿದು ಬರುತ್ತಿದ್ದರು. ಅಕ್ಕ ಅದನ್ನು ಸ್ಕ್ಯಾನ್ ಮಾಡಿ ಸರ್ಕಾರದ ಸೈಟಿಗೆ ಏರಿಸುತ್ತಿದ್ದರು. ಹೊಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ತಲೆ ತುಂಬ ಜಂಬ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಕ್ಕನದೊಂದು ಪದ್ಧತಿ. ಫೈಲಿಗೆ ಹೆಸರು ಕೊಟ್ಟ ಮೇಲೆ ಕಾಗದದವರನ್ನು ಪಕ್ಕಕ್ಕೆ ಕೂರಿಸಿಕೊಂಡು, ಸರ್ವೆ ನಂಬರು, ಯಜಮಾನರ ಹೆಸರು, ಊರು ಎಲ್ಲವನ್ನೂ ಗಟ್ಟಿಯಾಗಿ ಓದುವುದು. ಆಮೇಲೆ, "ಇದು ಯಾರ್ದು?" ಎಂದು ಕೇಳುವುದು. ಬಂದವರ ಬಾಯಿ ನೋಡಿ ತಮಿಳೋ ತೆಲುಗೋ ಕನ್ನಡವೋ ಆಗುತ್ತಿತ್ತು ಆ ಪ್ರಶ್ನೆ. "ನಮ್ದೇ ಕಣಮ್ಮ" ಎಂದು ಅವರು ಹೇಳದೆ ಅಕ್ಕ ಏರಿಸುವ ಗುಂಡಿ ಒತ್ತುತ್ತಿರಲಿಲ್ಲ. "ಮದುವೆ ಮಂತ್ರ ಆಯ್ತಾ ಅಕ್ಕ?" ಎಂದು ನಾನು ಛೇಡಿಸುತ್ತಿದ್ದೆ. ಅವರು ನಗುತ್ತಿದ್ದರೇ ಹೊರತು ಬಿಡುತ್ತಿರಲಿಲ್ಲ.

ಇನ್ನೊಂದು ಕಿರಿಕಿರಿ ಇತ್ತು. ನಮ್ಮ ಕಡೆ ಸರ್ವೆ ನಂಬರಿನ ನಡುವೆ ಓರೆಗೆರೆ ಇರುತ್ತದೆ. ಫೈಲಿಗೂ ಅದೇ ನಂಬರಿನ ಹೆಸರು, ಆದರೆ ಫೈಲಿನ ಹೆಸರಿನಲ್ಲಿ ಓರೆಗೆರೆಯನ್ನು ಕಂಪ್ಯೂಟರ್ ಒಪ್ಪುವುದಿಲ್ಲ. ಅಕ್ಕ ಪ್ರತಿ ಸಲ ಅದನ್ನು ಅಳಿಸಿ ಚಿಕ್ಕ ಅಡ್ಡಗೆರೆ ಹಾಕುತ್ತಿದ್ದರು. ನನಗೆ ತಾಳ್ಮೆ ಎಲ್ಲಿ? ಎರಡು ದಿನ ಕೂತು ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಹೆಸರು ಹೊಡೆದರೆ ಸಾಕು, ಒಪ್ಪದ ಗುರುತುಗಳನ್ನೆಲ್ಲ ಕಿತ್ತುಹಾಕಿ, 'ಹೆಸರು ಸರಿಯಿದೆ' ಎಂದು ಹಸಿರು ಅಕ್ಷರದಲ್ಲಿ ತೋರಿಸಿ, ಫೈಲನ್ನು ಉಳಿಸಿಬಿಡುತ್ತಿತ್ತು. ಅಕ್ಕ ಕನ್ನಡಕ ಏರಿಸಿ ನೋಡಿ, "ಪರ್ವಾಗಿಲ್ಲ ಕಣೆ, ಬುದ್ಧಿವಂತೆ ನೀನು" ಎಂದರು. ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಮುಂದಿನ ವಾರ ಒಬ್ಬ ಹೆಂಗಸು ಬಂದರು. ಗಂಡ ತೀರಿಹೋಗಿ, ಹೊಲದ ಪಟ್ಟಾ ತನ್ನ ಹೆಸರಿಗಾಗಲೆಂದು ಎರಡು ವರ್ಷದಿಂದ ಅಲೆಯುತ್ತಿದ್ದವರು. ಕಾಗದ ಏರಿಸಲು ಅವತ್ತೇ ಕೊನೆಯ ದಿನ. ಆರು ಗಂಟೆ ದಾಟಿದರೆ ಅರ್ಜಿ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಅಲೆದಾಟ. ಬೆಳಿಗ್ಗೆ ಸೈಟು ಸತ್ತಿತ್ತು. ಕಾಗದವನ್ನು ಸ್ಕ್ಯಾನ್ ಮಾಡಿಟ್ಟುಕೊಂಡೆ. ಮೂಲಪತ್ರ ಕಳೆದುಹೋದೀತೆಂಬ ಭಯಕ್ಕೆ ಅದನ್ನು ಮಗಳ ಕೈಯಲ್ಲಿ ಮನೆಗೆ ಕಳಿಸಿ, ಆಕೆ ಬೆಂಚಿನ ಮೇಲೆ ಕಾದು ಕೂತರು. ಮಧ್ಯಾಹ್ನ ಇನ್ನೂ ನಾಲ್ಕಾರು ಜನರ ಕಾಗದ ಸ್ಕ್ಯಾನ್ ಆದವು.

ನಾಲ್ಕು ಗಂಟೆಗೆ ಸೈಟು ತೆರೆಯಿತು. ಹೆಸರಿನ ಮುಂದೆ ಹಸಿರು ಅಕ್ಷರ ಹೊಳೆಯುತ್ತಿತ್ತು. "ಒತ್ತಿಬಿಡಿ ಅಕ್ಕ" ಎಂದೆ. ಅಕ್ಕ ಫೈಲು ತೆರೆದು ಎಂದಿನಂತೆ ಗಟ್ಟಿಯಾಗಿ ಓದಿದರು. ಪಕ್ಕದಲ್ಲಿ ಕೂತಿದ್ದ ಆಕೆ ತಡೆದರು.

"ಅದು ನಮ್ದಲ್ಲ ಕಣಮ್ಮ. ನಮ್ ಯಜಮಾನ್ರ ಹೆಸ್ರೇ ಇಲ್ವಲ್ಲ ಅದ್ರಾಗೆ!"

ಫೈಲಿನ ಹೆಸರನ್ನು ಮತ್ತೆ ನೋಡಿದೆ. ಆಕೆಯ ಹೊಲ 21/13. ಮಧ್ಯಾಹ್ನ ಬಂದ ಇನ್ನೊಬ್ಬರದು 211/3. ಓರೆಗೆರೆ ಕಿತ್ತರೆ ಎರಡೂ 2113. ಎರಡನೆಯದು ಮೊದಲನೆಯದರ ಮೇಲೆ ಕೂತು ಅದನ್ನು ಅಳಿಸಿಬಿಟ್ಟಿತ್ತು. ಅಕ್ಕನ ಆ ಚಿಕ್ಕ ಅಡ್ಡಗೆರೆ ಯಾಕೆಂದು ಆಗ ಅರ್ಥವಾಯಿತು.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. "ತಪ್ಪು ನಮ್ದು ಕಣಮ್ಮ. ನೀನಿಲ್ಲೇ ಕುಂತಿರು, ನಾನ್ ಹೋಗಿ ತತ್ತೀನಿ" ಎಂದು ಆಕೆಗೆ ಹೇಳಿ, ಮಗಳಿಗೆ ಫೋನು ಮಾಡಿಸಿ, ತಮ್ಮ ಹಳೆಯ ಸ್ಕೂಟರ್ ಹೊರಗೆ ತೆಗೆದರು. ತಪ್ಪು 'ನಮ್ದು' ಹೇಗಾಯಿತು? ಪೂರ್ತಿ ನನ್ನದೇ ಆಗಿತ್ತು. ಅರವತ್ತು ದಾಟಿದ ಆ ಜೀವ ಮಂಡಿನೋವಿನಲ್ಲಿ ಹತ್ತು ಮೈಲಿ ಹೋಗಿ ಹತ್ತು ಮೈಲಿ ಬಂತು. ಬಂದಾಗ ಐದೂ ಮುಕ್ಕಾಲು, ಸೀರೆಯ ಅಂಚೆಲ್ಲ ಕೆಮ್ಮಣ್ಣು. ಮತ್ತೆ ಸ್ಕ್ಯಾನ್, ಅಡ್ಡಗೆರೆ ಹಾಕಿದ ಹೆಸರು. ಇನ್ನು ಐದೇ ನಿಮಿಷ ಉಳಿದಿದ್ದರೂ ಅಕ್ಕ ಓದುವುದನ್ನು ಬಿಡಲಿಲ್ಲ.

"ಇಪ್ಪತ್ತೊಂದು ಬೈ ಹದಿಮೂರು. ಯಾರ್ದು?"

"ನಮ್ದೇ ಕಣಮ್ಮ" ಎಂದು ಆಕೆ ಅಳುತ್ತಲೇ ಹೇಳಿದರು.

ಅಂಗಡಿ ಮುಚ್ಚುವಾಗ ಅಕ್ಕ ನನಗೆ ಅಂದದ್ದು ಇಷ್ಟೇ: "ಹೆಸ್ರು ಸರಿ ಐತಾ ಅಂತ ಮಿಷನ್ ಕೇಳ್ತದೆ. ಯಾರ್ದು ಅಂತ ನಾವೇ ಕೇಳ್ಬೇಕು ಕಣೆ."

ಪ್ರೋಗ್ರಾಮನ್ನು ಬಿಸಾಕಲು ಹೊರಟೆ. ಅಕ್ಕ ಬಿಡಲಿಲ್ಲ, ತಿದ್ದಿಸಿದರು. ಈಗ ಅದು ಓರೆಗೆರೆಯ ಜಾಗದಲ್ಲಿ ಅಡ್ಡಗೆರೆ ಹಾಕುತ್ತದೆ, ಅದೇ ಹೆಸರಿನ ಫೈಲು ಮೊದಲೇ ಇದ್ದರೆ ನಿಲ್ಲುತ್ತದೆ. ಕೊನೆಗೆ ಒಂದು ಚೌಕ ಬಂದು, 'ಇದು ಯಾರದು?' ಎಂದು ಕೇಳುತ್ತದೆ. ಆ ಸಾಲು ಅಕ್ಕನದು.

ಅಕ್ಕ ಹೋಗಿ ಒಂದು ವರ್ಷವಾಯಿತು. ಅಂಗಡಿ ಈಗ ನನ್ನ ಕೈಯಲ್ಲಿದೆ. ಅವರು ತೀರಿಕೊಂಡಾಗ ಮರಣ ಪ್ರಮಾಣಪತ್ರದ ಕಾಗದಗಳನ್ನು ಅವರ ತಮ್ಮ ನಮ್ಮಲ್ಲಿಗೇ ತಂದರು. ಸ್ಕ್ಯಾನ್ ಮಾಡಿ, ಅಷ್ಟು ವರ್ಷ ಬರೀ ಅಕ್ಕ ಎಂದು ಕರೆದವಳು ಅವರ ಪೂರ್ತಿ ಹೆಸರನ್ನು ಮೊದಲ ಸಲ ಹೊಡೆದೆ. ಹಸಿರು ಅಕ್ಷರ ಬಂತು, ಚೌಕವೂ ಬಂತು. ಹೆಸರು, ಊರು ಎಲ್ಲವನ್ನೂ ಗಟ್ಟಿಯಾಗಿ ಓದಿ, "ಇದು ಯಾರ್ದು?" ಎಂದೆ. ಅಕ್ಕನ ತಮ್ಮನಿಗೆ ಪದ್ಧತಿ ಗೊತ್ತಿರಲಿಲ್ಲ, ನನ್ನ ಮುಖ ನೋಡಿದರು.

"ನಮ್ದೇ" ಎಂದು ನಾನೇ ಹೇಳಿ ಗುಂಡಿ ಒತ್ತಿದೆ.