ಮೌಶಿ ಬರೆಸಿದ ಬೆಳಗು

ತಲೆಗೂದಲೆಲ್ಲ ಹತ್ತಿಯಂತೆ ಬೆಳ್ಳಗಾಗಿದ್ದರೂ ಮೌಶಿಯ ಹುಬ್ಬುಗಳು ಮಾತ್ರ ಕಡುಗಪ್ಪು. ಕಾದಂಬರಿ ಓದುವಾಗ ಕೊಲೆಗಾರನ ಸುಳಿವು ಸಿಕ್ಕರೆ ಎಡಹುಬ್ಬು ತಾನಾಗಿ ಮೇಲೇರುತ್ತಿತ್ತು. ಸಮುದ್ರದ ಕೊಲ್ಲಿಯಂಚಿನ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಮೊದಲ ದಿನ ನಾನು ‘ಆಂಟಿ’ ಎಂದಾಗ, “ಆಂಟಿ ಗೀಂಟಿ ಬ್ಯಾಡ, ಮೌಶಿ ಅನ್ನು. ಧಾರವಾಡದಾಕಿ ನಾ,” ಎಂದಿದ್ದರು.

ಮೌಶಿ ಡಾಕ್ಟರು. ಆಸ್ಟ್ರೇಲಿಯಾದ ಒಳನಾಡಿನ ಒಂದು ಗಣಿ ಊರಿನಲ್ಲಿ ಅರ್ಧ ಆಯುಷ್ಯ ಕಳೆದು, ನಿವೃತ್ತರಾದ ಮೇಲೆ ಮಗಳ ಮನೆಗೆ ಬಂದಿದ್ದರು. ಓದುತ್ತಿದ್ದುದು ಆ ದೇಶದ ಪತ್ತೇದಾರಿ ಕಾದಂಬರಿಗಳನ್ನು ಮಾತ್ರ. ಬೇಸಗೆಯ ಮಧ್ಯಾಹ್ನ ಬಾಲ್ಕನಿಯಲ್ಲಿ ಪುಸ್ತಕ ಮಡಿಲಿಗಿಟ್ಟು ಅವರು ಮಾತಿಗೆ ತೊಡಗಿದರೆ, ಎದುರಿನ ಒಣಹುಲ್ಲಿನ ಗುಡ್ಡಗಳು ಮೆಲ್ಲಗೆ ಕೆಂಪೇರಿ ಆ ಊರೇ ಆಗಿಬಿಡುತ್ತಿದ್ದವು. ತಗಡಿನ ಮಾಡಿನ ಆಸ್ಪತ್ರೆ, ಅದರ ನೆರಳಿಗೆ ಬಂದು ಮಲಗುವ ಕಾಂಗರೂಗಳು, ಕುಡಿಯುವ ಚಹಾದಲ್ಲೂ ಧೂಳು.

“ಕೊಲೆ ಕಥೆ ಅಂದ್ರೆ ಯಾಕಿಷ್ಟು ಇಷ್ಟ ಮೌಶಿ?” ಎಂದು ಒಮ್ಮೆ ಕೇಳಿದೆ.

“ಕಾದಂಬರ್ಯಾಗ ಹತ್ತನೇ ಪುಟಕ್ಕ ಹೆಣಾ ಸಿಗತದ ನೋಡವಾ. ನಮ್ಮನಿಯವರು ಸಿಗಲೇ ಇಲ್ಲ.”

ಗಣಿಯಲ್ಲಿ ಎಂಜಿನಿಯರಾಗಿದ್ದ ಗಂಡ ಒಂದು ಬೆಳಗ್ಗೆ ಕಾರಿನಲ್ಲಿ ಹೋದವರು ಬರಲಿಲ್ಲ. ಕಾರು ಮರುಭೂಮಿಯ ಅಂಚಿನಲ್ಲಿ ಸಿಕ್ಕಿತು, ಅಷ್ಟೇ. ಹಿಂದಿನ ದಿನ ಇಬ್ಬರಿಗೂ ಜಗಳವಾಗಿತ್ತು. ಗಂಡನಿಗೆ ಧಾರವಾಡಕ್ಕೆ ಮರಳುವ ಆಸೆ, ಮೌಶಿಗೆ ಆಸ್ಪತ್ರೆ ಬಿಡಲು ಮನಸ್ಸಿಲ್ಲ. ಬೆಳಗ್ಗೆ ಗಂಡನನ್ನು ಮಾತಾಡಿಸದೆಯೇ ಡ್ಯೂಟಿಗೆ ಹೋಗಿದ್ದರು. ತನ್ನ ಮೇಲಿನ ಸಿಟ್ಟಿನಿಂದ ಗಂಡ ಬೇಕೆಂದೇ ಹೊರಟುಹೋದರು ಎಂಬುದು ಮೌಶಿಯ ಎದೆಯಲ್ಲಿ ಕೂತುಬಿಟ್ಟಿತ್ತು.

ಕಳೆದ ವರ್ಷ ಲೈಬ್ರರಿಯಲ್ಲಿ ಹಿರಿಯರಿಗೆಂದು ಆತ್ಮಕಥೆ ಬರೆಯುವ ಗುಂಪೊಂದು ಶುರುವಾಯಿತು. ಮೌಶಿಯೂ ಸೇರಿದರು. ಕೈ ನಡುಗುತ್ತಿದ್ದುದರಿಂದ ಶನಿವಾರಗಳಲ್ಲಿ ಅವರು ಹೇಳುವುದು, ನಾನು ಟೈಪ್ ಮಾಡುವುದು. ಆ ಬೆಳಗಿನ ಅಧ್ಯಾಯ ಬಂದಾಗ ಗುಂಪಿನವರೊಬ್ಬರು, ಒಬ್ಬ ಕೊಲೆಗಾರನನ್ನು ಸೇರಿಸಿ, ಒಳ್ಳೆಯ ಕಾದಂಬರಿಯಾಗುತ್ತದೆ ಎಂದರಂತೆ. ಮೌಶಿ ಸೇರಿಸಿಯೂ ನೋಡಿದರು. ನಾನು ಓದಿ ಹೇಳಿದಾಗ, “ಅಳಿಸವಾ. ಚಂದ ಅದ, ಖರೇ ಅಲ್ಲ,” ಎಂದರು.

ಆಮೇಲೆ ನಡೆದದ್ದನ್ನೇ ಬರೆಸಿದರು, ಜಗಳವನ್ನೂ. ಅದನ್ನು ನಾನು ಓದುತ್ತಿದ್ದಾಗ ಅವರ ಮಗಳು ಗ್ರೋಸರಿ ಚೀಲ ಹಿಡಿದು ಒಳಬಂದು ಬಾಗಿಲಲ್ಲೇ ನಿಂತರು. ಆ ಮನೆಯಲ್ಲಿ ಎಂದೂ ಆಡದ ಮಾತು ಅದು.

“ಅಮ್ಮಾ, ಅಪ್ಪ ಆ್ಯಂಗ್ರಿ ಇರ್ಲಿಲ್ಲ,” ಎಂದರು ಮಗಳು. “ನೀ ಹಾಸ್ಪಿಟಲ್‌ಗೆ ಹೋದ ಮ್ಯಾಲೆ ಹಿತ್ತಲದಾಗ ಮರದ ಟೊಂಗಿ ಮೆಷರ್ ಮಾಡಿದ್ರು. ಗಣಿಯಿಂದ ಹಗ್ಗ ತರ್ತೀನಿ, ಸಂಜಿಗೆ ಜೋಕಾಲಿ ಕಟ್ಟೋಣ ಅಂದ್ರು. ನಾ ಈವನಿಂಗ್ ತನಕ ಮರದ ಕೆಳಗೇ ಕೂತಿದ್ದೆ.”

“ಯಾಕ ಹೇಳಲಿಲ್ಲ?”

“ಯಾರೂ ಕೇಳ್ಲಿಲ್ಲ. ಐ ವಾಸ್ ಸಿಕ್ಸ್, ಅಮ್ಮಾ.”

ಮೌಶಿ ಓದಿದ ಅಷ್ಟೂ ಕಥೆಗಳಲ್ಲಿ ಪೊಲೀಸರು ಮನೆಯ ಮಗುವನ್ನು ಕೇಳದೆ ಬಿಟ್ಟದ್ದಿರಲಿಕ್ಕಿಲ್ಲ. ಅವರು ಮಗಳ ಎರಡೂ ಕೈ ಹಿಡಿದುಕೊಂಡರು. ಟೊಂಗೆ ಹೇಗೆ ಅಳೆದರು, ಯಾವ ಅಂಗಿ ತೊಟ್ಟಿದ್ದರು, ನಕ್ಕರಾ ಎಂದು ಮತ್ತೆ ಮತ್ತೆ ಕೇಳಿದರು. ಹೊರಗೆ ಕೊಲ್ಲಿಯ ಮಂಜು ಬೀದಿಗಳನ್ನು ಒಂದೊಂದಾಗಿ ಒಳಗೆಳೆದುಕೊಳ್ಳುತ್ತಿತ್ತು. ಕಡೆಗೆ ನನ್ನತ್ತ ತಿರುಗಿ, “ಬರಿಯವಾ,” ಎಂದರು. “ಸಂಜೀಕ ಬರೋರಿದ್ರು.”

ಆ ಅಧ್ಯಾಯ ಅಲ್ಲಿಗೇ ಮುಗಿಯಿತು.

ಈ ವಸಂತದಲ್ಲಿ ಮೌಶಿ ತೀರಿಕೊಂಡರು, ಮಧ್ಯಾಹ್ನದ ನಿದ್ದೆಯಲ್ಲಿ. ಅವರಿಂದ ನಾನು ಪಡೆದದ್ದೇನು ಎಂದು ಮೊನ್ನೆಮೊನ್ನೆಯವರೆಗೂ ತಿಳಿದಿರಲಿಲ್ಲ. ಮೈಸೂರಿನಿಂದ ನನ್ನಮ್ಮ ಬಂದಿದ್ದಾಳೆ. ಹುರುಳಿಕಾಯಿ ಸೋಸುತ್ತಿದ್ದವಳ ಪಕ್ಕ ಕೂತು, “ಅಮ್ಮಾ, ನೀನು ಚಿಕ್ಕವಳಿದ್ದಾಗಿಂದು ಏನಾದ್ರೂ ಹೇಳು,” ಎಂದೆ.

ಅಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ನನ್ನನ್ನೇ ನೋಡಿದಳು. “ಏನಿದು, ಇಷ್ಟು ವರ್ಷಕ್ಕೆ!” ಎಂದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಕಾಲು ಚಾಚಿ ಕೂತು, ಶುರು ಮಾಡಿದಳು.